ಉಪ್ಪು ಮಾಡೋ ಬೊಮ್ಮನ ಹೊಟ್ಟೆಕಿಚ್ಚು

ಒಂದಾನೊಂದು ಕಾಲದಲ್ಲಿ, ನಿಮ್ಮಜ್ಜನ ಅಜ್ಜನೂ ಹುಟ್ಟಿರದ ಕಾಲ ಅಂತಿಟ್ಟುಕೋ, ಕಡಲಂಚಿಗೆ ಒಂದು ಊರಿತ್ತಂತೆ, ಆ ಊರಿನೋರೆಲ್ಲ ಉಪ್ಪು ಮಾಡೋರಂತೆ. ಹೂಂ ಅನ್ನಬೇಕು ನೀನು, ಹೂಂ ಅನ್ನದಿದ್ರೆ ನಾನು ಇಲ್ಲಿಗೇ ನಿಲ್ಲಿಸಿಬಿಡ್ತೀನಿ. ಹಾಂ, ದೊಡ್ಡ ದೊಡ್ಡ ಮಡಿ ಕಟ್ಟಿ, ಕಡಲು ಉಕ್ಕಿ ಬಂದಾಗ ನೀರು ಒಳಗೆ ಬಿಟ್ಕೊಂಡು, ಆಮೇಲೆ ಬಿಸಿಲಿಗೆ ಬಿಟ್ರೆ ನೀರೆಲ್ಲ ಆರಿ ಉಪ್ಪು ಉಳೀತಿತ್ತಂತೆ. ಎಲ್ಲಿ ನೋಡಿದ್ರೂ ನೀರೇ, ಕುಡಿಯೋಕೆ ಮಾತ್ರ ಒಂದು ತೊಟ್ಟಿಲ್ಲ. ಹೆಂಗಸರು ಕೊಡ ಹೊತ್ತು, ಉಪ್ಪುಹೊಳೆ ದಾಟಿ, ಗುಡ್ಡದ ಬುಡದ ತನಕ ಹೋಗಿ ನೀರು ತರಬೇಕಿತ್ತಂತೆ.

ಕಡಲಿಗೂ ಮಡಿಗೂ ನಡುವೆ ಒಂದು ಏರಿ, ಏರಿ ನಡುವೆ ಒಂದು ದಪ್ಪ ಹಲಗೆ, ಅದಕ್ಕೆ ಕಡಲಬಾಗಿಲು ಅಂತಿದ್ರು. ಅದನ್ನ ಎತ್ತೋದು ಇಳಿಸೋದು ಜಟ್ಟಯ್ಯ ಅನ್ನೋ ಮುದುಕನ ಕೆಲಸ. ಅವನು ಎತ್ತಿದ್ರೆ ಊರಿಗೆಲ್ಲ ಉಪ್ಪು, ಎತ್ತದಿದ್ರೆ ಇಲ್ಲ, ಹಾಗಾಗಿ ಅವನ ಮಾತಿಗೆ ಯಾರೂ ಎದುರಾಡ್ತಿರಲಿಲ್ಲವಂತೆ. ಅವನಿಗೆ ಮೂರು ಜನ ಗಂಡುಮಕ್ಕಳು. ದೊಡ್ಡೋನು ಬೊಮ್ಮ, ಅವನು ಮಾಡಿದ ಉಪ್ಪು ಮಲ್ಲಿಗೆಯಷ್ಟು ಬಿಳಿ, ಅದಕ್ಕೇಂತ ದೂರದೂರಿಂದ ಗಾಡಿ ಕಟ್ಕೊಂಡು ಬರೋರು. ನಡುವಿನೋನು ಸುಕ್ರ, ಉಂಡು ಉಂಡು ಕುಂಬಳಕಾಯಿ ಆಗಿದ್ದ, ಪಾಪ ಒಳ್ಳೇನು. ಚಿಕ್ಕೋನು ಕೆಂಚ, ಕಡಲು ದಡಕ್ಕೆ ಎಸೆದ ಚೂರುಪಾರು ಆರಿಸ್ಕೊಂಡು ತರೋದು ಬಿಟ್ರೆ ಬೇರೆ ಕೆಲಸ ಇಲ್ಲ, ಊರೆಲ್ಲ ಅವನನ್ನ ಮೈಗಳ್ಳ ಅಂತಿತ್ತು. ಅಪ್ಪನ ನಂತರ ಆ ಬಾಗಿಲಿನ ಕೆಲಸ ನನ್ನ ಕೈಗೇ ಅಂತ ಬೊಮ್ಮ ಚಡ್ಡಿ ಹಾಕೋ ವಯಸ್ಸಿಂದ ಅಂದ್ಕೊಂಡಿದ್ದನಂತೆ.

ಹೀಗಿರುವಾಗ ಅವರವ್ವ ದೇವಮ್ಮನಿಗೆ ಮಂಡಿ ಹಿಡೀತಂತೆ. ನೀರು ತರೋಕಾಗಲ್ಲ, ಬೀಸೋ ಕಲ್ಲು ತಿರುಗಿಸೋಕಾಗಲ್ಲ, ಮೀನೆಣ್ಣೆ ದೀಪದ ಹೊಗೆಗೆ ಕಣ್ಣು ಬಿಡೋಕಾಗಲ್ಲ ಅಂತ ಹೊಸಿಲ ಮೇಲೆ ಕೂತು ಅತ್ತಳಂತೆ. ಜಟ್ಟಯ್ಯನಿಗೆ ಹೆಂಡತಿ ಅಂದ್ರೆ ಪ್ರಾಣ. ಮೂರೂ ಮಕ್ಕಳನ್ನ ಕರೆದು, ನಿಮ್ಮವ್ವನ ಈ ಮೂರು ಕಷ್ಟ ಯಾರು ಕಳೀತೀರೋ ಅವರ ಕೈಗೆ ಬಾಗಿಲು ಅಂದನಂತೆ. ನನಗೆ ಸೇರಬೇಕಾದ್ದನ್ನ ಪಂದ್ಯಕ್ಕಿಟ್ಟನಲ್ಲ ಮುದುಕ ಅಂತ ಬೊಮ್ಮನಿಗೆ ಸಿಟ್ಟೇ ಬಂತು, ಆದ್ರೂ ಗೆಲ್ಲೋದು ನಾನೇ ಅಂತ ಮೀಸೆ ತಿರುವಿದ.

ಮೊದಲು ನೀರು. ಬೊಮ್ಮ ಬಾವಿ ತೋಡಿದ, ತೋಡಿದ, ಆಳಕ್ಕೆ ಹೋದಷ್ಟೂ ಉಪ್ಪುನೀರೇ. ಸುಕ್ರ ಬಟ್ಟೆ ಹಾಸಿ ಇಬ್ಬನಿ ಹಿಂಡಿದ, ಅರ್ಧ ಲೋಟ ಆಯ್ತು, ಮನೆಗೆ ಬರೋ ದಾರೀಲಿ ಬಾಯಾರಿಕೆ ಆಗಿ ತಾನೇ ಕುಡಿದುಬಿಟ್ಟ. ನಗಬೇಡ, ನೀನೂ ಹಾಗೇ ಮಾಡ್ತಿದ್ದೆ. ಕೆಂಚ ಏನು ಮಾಡಿದ ಅಂದ್ರೆ, ಒಡೆದ ಹಡಗಿಂದ ತೇಲಿಬಂದಿದ್ದ ಕಿಟಕಿ ಗಾಜು ತಂದು, ಮಸಿ ಬಳಿದ ಅಗಲದ ಕೊಪ್ಪರಿಗೇಲಿ ಕಡಲನೀರು ತುಂಬಿ, ಅದರ ಮೇಲೆ ಗಾಜನ್ನ ಓರೆಯಾಗಿ ಮುಚ್ಚಿ, ಬಿಸಿಲಿಗೆ ಇಟ್ಟನಂತೆ. ನೀರು ಆವಿಯಾಗಿ ಮೇಲೇಳ್ತು, ಗಾಜಿಗೆ ತಾಗಿ ಹನಿ ಆಯ್ತು, ಹನಿ ಜಾರಿ ಸೀಳಿದ ಬಿದಿರಿನ ದೋಣಿಗೆ ಬಿತ್ತು, ಅಲ್ಲಿಂದ ಹರಿದು ತಂಬಿಗೆಗೆ. ಸೌದೆ ಇಲ್ಲ, ಹೊಗೆ ಇಲ್ಲ, ಸಂಜೆಗೆ ಒಂದು ತಂಬಿಗೆ ನೀರು! ಅವ್ವ ಕುಡಿದು ಕೆಂಚನ ತಲೆ ನೇವರಿಸಿದಳು. ಆವತ್ತು ರಾತ್ರಿ ಬೊಮ್ಮ ಅನ್ನದ ತಟ್ಟೆ ಪಕ್ಕಕ್ಕೆ ತಳ್ಳಿ ಎದ್ದುಹೋದನಂತೆ. ಇಷ್ಟು ವರ್ಷ ನನ್ನ ಮಡಿಯಿಂದ ಹಾರಿ ಹೋಗಿದ್ದು ಸಿಹಿನೀರು, ನಾನು ಉಪ್ಪು ಬಾಚ್ಕೊಂಡು ಕೂತೆ, ಈ ಮೈಗಳ್ಳ ನೀರು ಹಿಡಿದ ಅಂತ ಹೊಟ್ಟೆ ಉರೀತಿತ್ತು.

ಆಮೇಲೆ ಬೀಸೋ ಕಲ್ಲು. ಬೊಮ್ಮ ತಾನೇ ಕೂತು ಬೀಸಿದ, ಒಂದು ದಿನ ಬೀಸಿದ, ಮಾರನೇ ದಿನ ಮಡೀಲಿ ಉಪ್ಪು ಕಾಯ್ತಿತ್ತು, ಎದ್ದುಹೋದ. ಸುಕ್ರ ಕಲ್ಲಿಗೆ ತಲೆ ಕೊಟ್ಟು ನಿದ್ದೆ ಹೋದ. ಕೆಂಚ ಕಡಲಬಾಗಿಲ ಬಾಯಲ್ಲಿ ಒಂದು ಮರದ ಚಕ್ರ ನಿಲ್ಲಿಸಿ, ಬೀಸೋ ಕಲ್ಲನ್ನ ಅದರ ಅಚ್ಚಿಗೆ ಜೋಡಿಸಿದ. ಕಡಲು ಒಳಗೆ ಬರುವಾಗ ಚಕ್ರ ಹೀಗೆ ತಿರುಗಿತು, ಇಳಿದು ಹೋಗುವಾಗ ಹಾಗೆ ತಿರುಗಿತು, ಅದರ ಜೊತೆ ಕಲ್ಲೂ ತಿರುಗಿತು, ಹಿಟ್ಟು ಸುರೀತು. ಗಾಡಿ ಕಟ್ಕೊಂಡು ಬರೋರೆಲ್ಲ ಈಗ ಬೊಮ್ಮನ ಉಪ್ಪಿನ ರಾಶಿ ದಾಟಿ ಹೋಗಿ ಚಕ್ರ ನೋಡ್ತಾ ನಿಲ್ಲೋರಂತೆ. ಉಪ್ಪು ಎಷ್ಟು ಬಿಳಿ ಇದೆ ನೋಡಿ ಅಂತ ಬೊಮ್ಮ ಕೂಗಿದ್ರೆ, ಇರಪ್ಪ, ಬಂದ್ವಿ ಅಂತಿದ್ರು, ಬರ್ತಿರಲಿಲ್ಲ. ಕೆಂಚನ ನೀರು ಕುಡಿದ್ರೆ ಕೂದಲು ಉದುರುತ್ತೆ ಅಂತ ಬೊಮ್ಮ ಮನೆಮನೆಗೂ ಹೇಳಿ ಬಂದ. ಯಾರೂ ಕಿವಿಗೆ ಹಾಕ್ಕೊಳ್ಳಲಿಲ್ಲ.

ಕೊನೇದು ದೀಪ. ಬೊಮ್ಮ ತೆಂಗಿನೆಣ್ಣೆ ತಂದ, ಅದೂ ಹೊಗೆ ಕಾರ್ತು. ಸುಕ್ರ ಮಿಂಚುಹುಳ ಹಿಡಿದ, ಹಾರಿಹೋದವು. ಕೆಂಚ ಚಕ್ರದ ಅಚ್ಚಿಗೆ ಸೂಜಿಗಲ್ಲು ಕಟ್ಟಿ, ಸುತ್ತ ತಾಮ್ರದ ತಂತಿ ಸುತ್ತಿ, ಕಡಲ ಬಲವನ್ನೇ ತಂತೀಲಿ ಹಿಡಿದು ಮನೆಗೆ ತಂದು ದೀಪ ಹೊತ್ತಿಸಿದನಂತೆ. ಹೇಗೆ ಅಂತ ನನ್ನ ಕೇಳಬೇಡ, ಬೆಳಿಗ್ಗೆ ನಿಮ್ಮಪ್ಪನ್ನ ಕೇಳು. ಅವ್ವ ಆ ಬೆಳಕಲ್ಲಿ ಕೆಂಚನ ಮುಖಾನೇ ನೋಡ್ತಾ ಕೂತಳು. ಬೊಮ್ಮ ಪಕ್ಕದಲ್ಲೇ ಇದ್ದ, ಅವನ ಕಡೆ ತಿರುಗಲಿಲ್ಲ. ಅದೊಂದು ಬೊಮ್ಮನಿಗೆ ತಡೆಯೋಕೇ ಆಗಲಿಲ್ಲವಂತೆ.

ಅಮಾವಾಸ್ಯೆ ಕಳೆದು ಮಾರನೇ ದಿನ ಬಾಗಿಲು ಕೆಂಚನಿಗೆ ಅಂದ ಜಟ್ಟಯ್ಯ. ಅಮಾವಾಸ್ಯೆ ಅಂದ್ರೆ ಕಡಲು ಪೂರ್ತಿ ಉಕ್ಕೋ ದಿನ. ಮಧ್ಯಾಹ್ನ ಎಲ್ಲರೂ ಊಟಕ್ಕೆ ಕೂತಿದ್ದಾಗ ಬೊಮ್ಮ ಏರಿಗೆ ಹೋದ. ಚಕ್ರ ಒಂದು ಮುರೀಲಿ, ಅಷ್ಟು ಸಾಕು ಅಂತ ಹಲಗೆಯನ್ನ ಪೂರ್ತಿ ಮೇಲಕ್ಕೆತ್ತಿಬಿಟ್ಟ. ನೀರು ನುಗ್ಗಿತು, ಚಕ್ರ ಚೂರುಚೂರಾಯ್ತು, ಬೊಮ್ಮನಿಗೆ ಒಂದು ಗಳಿಗೆ ಎಂಥಾ ಖುಷಿ! ಆಮೇಲೆ ಹಲಗೆ ಇಳಿಸೋಕೆ ಹೋದ್ರೆ ಅದು ಕೈ ಜಾರಿ ನೀರಿನ ಜೊತೆ ಹೋಯ್ತು. ಕಡಲು ಒಂದೊಂದೇ ಮಡಿ ಹಾಯ್ದು ಊರವರ ಉಪ್ಪೆಲ್ಲ ನುಂಗಿ ಬೊಮ್ಮನ ರಾಶಿಗೂ ಬಂತು. ಹೊಟ್ಟೆಕಿಚ್ಚಲ್ಲಿ ಪೆದ್ದನಿಗೆ ತನ್ನ ಉಪ್ಪೂ ಅಲ್ಲೇ ಇದೆ ಅನ್ನೋದೇ ಮರೆತುಹೋಗಿತ್ತು. ಅಯ್ಯೋ ಅಯ್ಯೋ ಅಂತ ಕೂಗಿದ. ಊರೆಲ್ಲ ಓಡಿಬಂತು, ಯಾರಿಗೂ ದಾರಿ ತೋಚಲಿಲ್ಲ. ಆಗ ಸುಕ್ರ ಕೈ ತೊಳೆಯದೇ ಬಂದೋನು ನೇರ ಹೋಗಿ ಹಲಗೆ ಇದ್ದ ಆ ಸಂದೀಲಿ ಕೂತೇಬಿಟ್ಟನಂತೆ! ನೀರು ನಿಂತಿತು. ಬೇರೆ ಹಲಗೆ ತರೋ ತನಕ ಅವನು ಅಲ್ಲಿಂದ ಅಲ್ಲಾಡಲಿಲ್ಲ.

ಕಡಲಿಗೆ ಸಿಟ್ಟು ಬಂದು ಹಲಗೆ ಕಿತ್ತಿದೆ ಅಂದ್ಕೊಂಡರು ಜನ. ಬೊಮ್ಮ ಬಾಯಿ ಬಿಡಲಿಲ್ಲ. ಸಂಜೆ ಅವ್ವ ಕರೆದಳಂತೆ. ಮಗಾ ಬೊಮ್ಮ, ಒಂದು ಚಿಟಿಕೆ ಉಪ್ಪು ಕೊಡೋ, ಈ ನೀರು ಸಪ್ಪೆ ಕಣೋ, ಕಡಲಿನ ರುಚಿಯೆಲ್ಲ ಹೋಗಿ ಬರೀ ನೀರು, ಚಿಕ್ಕೋನಿಗೆ ಬೇಜಾರಾಗುತ್ತೆ ಅಂತ ಇಷ್ಟು ದಿನ ಹೇಳಲಿಲ್ಲ ಅಂದಳು. ಬೊಮ್ಮ ಮಡಿಗೆ ಓಡಿದ, ಬರೀ ಕೆಸರು. ಪಕ್ಕದ ಮನೆಗೆ ಹೋದ, ಅಲ್ಲೂ ಇಲ್ಲ, ದಿನಾ ಮಡಿಯಿಂದಲೇ ತರೋರು ಮನೇಲಿ ಯಾಕೆ ಕೂಡಿಡ್ತಾರೆ, ಊರಲ್ಲೇ ಇಲ್ಲ. ಉಪ್ಪಿನ ಬೊಮ್ಮ, ಅವ್ವನಿಗೆ ಒಂದು ಚಿಟಿಕೆ ಉಪ್ಪಿಲ್ಲ! ಆಮೇಲೆ ಅಂಗಳಕ್ಕೆ ಬಂದು ನೋಡ್ತಾನೆ, ಕೆಂಚನ ಕೊಪ್ಪರಿಗೆ ತಳದಲ್ಲಿ ಬೆಳ್ಳಗೆ ಕಟ್ಟಿದೆ. ನೀರು ತೆಗೆದ ಮೇಲೆ ಉಳಿದದ್ದು ಅದು, ಕೆಂಚ ಕೆರೆದು ಕೆರೆದು ಬಿಸಾಕ್ತಿದ್ದನಂತೆ, ಅವನಿಗೇನು ಗೊತ್ತು ಉಪ್ಪಿನ ಬೆಲೆ. ಬೊಮ್ಮ ಅದನ್ನ ಕೆರೆದು, ಉಪ್ಪುನೀರಲ್ಲೇ ತೊಳೆದು, ಕಹಿ ನೀರು ಬಸಿದು, ಆರಿಸಿ, ಒಂದು ಚಿಟಿಕೆ ತಂಬಿಗೆಗೆ ಹಾಕಿದ. ಅವ್ವ ಕುಡಿದು, ಹಾಂ, ಈಗ ನೀರಾಯ್ತು ಅಂದಳು.

ಬೊಮ್ಮ ಅಲ್ಲೇ ಕೂತು ಅತ್ತುಬಿಟ್ಟನಂತೆ. ಹಲಗೆ ಎತ್ತಿದ್ದು ನಾನೇ ಕೆಂಚ, ನಿನ್ನ ನೋಡಿ ಹೊಟ್ಟೆ ಉರೀತಿತ್ತು, ಬಾಗಿಲು ನೀನೇ ಇಟ್ಕೋ ಅಂದ. ಕೆಂಚ ಬಂದು ಅವನ ಪಕ್ಕ ಕೂತ. ಆಮೇಲೆ ಅಂದನಂತೆ, ನನಗೆ ಉರೀತಿರಲಿಲ್ಲ ಅಂದ್ಕೊಂಡ್ಯಾ ಅಣ್ಣ, ಹುಟ್ಟಿದಾಗಿಂದ ಬೊಮ್ಮನ ಉಪ್ಪು, ಬೊಮ್ಮನ ಉಪ್ಪು ಅಂತ ಕೇಳಿ ಕೇಳಿ ಸಾಕಾಗಿತ್ತು, ಉಪ್ಪಲ್ಲಿ ನಿನ್ನ ಗೆಲ್ಲೋಕಾಗಲ್ಲ ಅಂತಾನೇ ಅಲ್ವಾ ನಾನು ನೀರು ಹಿಡಿಯೋಕೆ ಹೋಗಿದ್ದು.

ಜಟ್ಟಯ್ಯ ಬೊಮ್ಮನಿಗೆ ಬೈಯೋಷ್ಟು ಬೈದ, ಊರವರ ಮಡಿಯನ್ನೆಲ್ಲ ನೀನೇ ಸರಿ ಮಾಡಿಕೊಡಬೇಕು ಅಂದ, ಆಮೇಲೆ ಕಡಲು ಒಳಗೆ ಬರುವಾಗ ಬಾಗಿಲು ಬೊಮ್ಮನದು, ಹೊರಗೆ ಹೋಗುವಾಗ ಕೆಂಚನದು ಅಂತ ಹಂಚಿಕೊಟ್ಟನಂತೆ. ಸುಕ್ರನಿಗೆ ಊರವರು ದಿನಾ ಒಂದೊಂದು ಮನೇಲಿ ಮೀನೂಟ ಹಾಕಿದರು. ಹೊಸ ಚಕ್ರಕ್ಕೆ ಮರ ಕಡಿದು ತಂದೋನು ಬೊಮ್ಮನೇ. ಊರ ಹೆಂಗಸರು ಹೊಳೆ ದಾಟೋದು ಬಿಟ್ಟರು. ಬೊಮ್ಮನ ಹೊಟ್ಟೆಕಿಚ್ಚು ಪೂರ್ತಿ ಹೋಯ್ತಾ ಅಂತೀಯಾ? ಎಲ್ಲಿ ಹೋಗುತ್ತೆ! ಯಾರಾದ್ರೂ ಕೆಂಚನ ದೀಪ ಹೊಗಳಿದ್ರೆ ಬೊಮ್ಮನಿಗೆ ಒಂಚೂರು ಉರೀತಿತ್ತಂತೆ, ಬೊಮ್ಮನ ಉಪ್ಪು ಹೊಗಳಿದ್ರೆ ಕೆಂಚನಿಗೆ. ಆದ್ರೆ ಈಗ ಒಬ್ಬರದು ಒಬ್ಬರಿಗೆ ಗೊತ್ತಲ್ಲ, ಮುಖ ಮುಖ ನೋಡ್ಕೊಂಡು ನಕ್ಕುಬಿಡ್ತಿದ್ರಂತೆ.

ಅವರು ಅಲ್ಲಿ ಸುಖವಾಗಿದ್ರು, ನಾವು ಇಲ್ಲಿ ಹೊದ್ದು ಮಲಗಿದ್ವಿ, ಕತೆ ಮುಗೀತು ಕಣೋ. ಹೂಂ ಅನ್ನೋದೂ ನಿಂತಿದೆ, ನಿದ್ದೆ ಬಂತು ಕೂಸಿಗೆ.