ಬಳ್ಳಾರಿಯಲ್ಲಿ ಜರೀಗಿಡ ಸಾಕಿದ ಪಂಪಾಪತಿ

ನಮ್ಮ ಬಳ್ಳಾರಿಯ ಹುಲಿಗೆಮ್ಮನಿಗೆ ಒಬ್ಬನೇ ಮಗ, ಪಂಪಾಪತಿ. ಹೇಳಿದ್ದನ್ನು ಹೇಳಿದ ಹಾಗೇ ಮಾಡುವವನು, ಅಷ್ಟೇ ಅವನ ರೋಗ. ಹಾಲು ಉಕ್ಕುವ ತನಕ ಕದಲಬೇಡ ಅಂದರೆ, ಒಲೆ ಹಚ್ಚದೆ ಮೂರು ತಾಸು ನಿಂತಿದ್ದವನು. ಹುಲಿಗೆಮ್ಮ ನನ್ನ ಅಕ್ಕ. ಆ ಬುದ್ಧಿ ನಮ್ಮ ಕಡೆಯಿಂದ ಬಂದದ್ದು ಅಂತ ಭಾವ ಹೇಳುತ್ತಿದ್ದ. ನಾನು ಹೆಮ್ಮೆಯಿಂದ ಒಪ್ಪಿಕೊಂಡಿದ್ದೇನೆ.

"ಇವನಿಗೆ ಯಾರು ಹೆಣ್ಣು ಕೊಡ್ತಾರೋ ತಮ್ಮಾ" ಅಂತ ಅಕ್ಕ ಹಣೆ ಚಚ್ಚಿಕೊಳ್ಳುವಳು. ಹನ್ನೊಂದು ಮನೆ ನೋಡಿ ಬಂದಿದ್ದೆವು. ಹನ್ನೆರಡನೆಯದು ಹೊಸಪೇಟೆಯ ನೀಲಾಂಬಿಕೆ, ಕಾಲುವೆ ಪಕ್ಕ ಸಸಿತೋಟ ನಡೆಸುವವಳು. ಅವಳು ಹುಡುಗನ ಓದು ಕೇಳಲಿಲ್ಲ, ಕೆಲಸ ಕೇಳಲಿಲ್ಲ. ಒಂದು ಕುಂಡ ತಂದು ಅವನ ತೊಡೆಯ ಮೇಲಿಟ್ಟಳು. ಜರೀಗಿಡ. ಹೂವಿಲ್ಲ, ಕಾಯಿಲ್ಲ, ಕೂದಲೆಳೆಯಂಥ ಕರಿ ಕಡ್ಡಿ, ಅದರ ತುಂಬ ಪುಟ್ಟ ಪುಟ್ಟ ಹಸಿರು ಬೀಸಣಿಗೆ. ಒಟ್ಟು ಏಳು ಗರಿ.

"ಯುಗಾದಿ ಆತು. ಕಾರಹುಣ್ಣಿಮೆಗೆ ಇದನ್ನ ಜೀವಂತ ತರ್ರಿ. ಆಮೇಲೆ ಮದುವಿ ಮಾತು" ಅಂದಳು.

ಬಳ್ಳಾರಿಯ ಬೇಸಿಗೆಯಲ್ಲಿ! ಆ ಬಿಸಿಲಲ್ಲಿ ನಾನು ಮಾಳಿಗೆ ಮೇಲೆ ರೊಟ್ಟಿ ಸುಟ್ಟುಕೊಂಡವನು. ಎರಡನೆಯದು ಸೀದುಹೋಯಿತು.

ಅಕ್ಕ ಹೇಳಿದಳು, "ಮಗನೇ, ಇದಕ್ಕೆ ಬಿಸಿಲು ತಾಕಬಾರದು. ಬೇವಿನ ಮರದ ನೆರಳಿನ ನಡುವೆ ಇಡು."

ಇಟ್ಟ. ನೆರಳು ಸರಿಯಿತು, ಕುಂಡ ಎತ್ತಿಕೊಂಡು ಇವನೂ ಸರಿದ. ಸಂಜೆ ನೆರಳು ಗೋಡೆ ಹಾರಿತು, ಇವನೂ ಹಾರಿದ. ನೆರಳು ಪಕ್ಕದ ಮನೆ ಅಡುಗೆಮನೆ ಹೊಕ್ಕಿತು, ಇವನೂ ಹೊಕ್ಕ. ಹೊತ್ತು ಮುಳುಗಿದಾಗ ಅಕ್ಕನಿಗೆ ಅವನು ಸಿಕ್ಕಿದ್ದು ರೈಲು ನಿಲ್ದಾಣದಲ್ಲಿ.

"ಅವ್ವಾ, ಈಗ ಎಲ್ಲ ಕಡೆ ನೆರಳೇ ಆಗಿಬಿಟ್ಟೈತಿ. ಇದರಾಗ ನಮ್ಮ ಬೇವಿನದು ಯಾವುದು?"

"ನಿನ್ನ ತಲಿ" ಅಂದಳು ಅಕ್ಕ. "ಬೆವರುವ ಹೊತ್ತಿನಾಗ ಜೀವ ಇರೋದನ್ನ ಊರು ಸುತ್ತಿಸ್ತಾರೇನಲೇ? ಬಚ್ಚಲ ಮೂಲೆಗೆ ಒಯ್ದು, ಒದ್ದೆ ಗೋಣಿಚೀಲ ಸುತ್ತಿ ಇಡಬೇಕು."

"ಆತು ಬಿಡವ್ವ."

ಗಿಡಕ್ಕೆ ಹಾಗೇ ಮಾಡಿದ, ಗಿಡ ನಕ್ಕಿತು. ಮರುದಿನ ಸುಡು ಮಧ್ಯಾಹ್ನ ಬಸ್ಸಿಳಿದು ನಾನು ಬಂದೆ. ಬೆವರುತ್ತಿದ್ದೆ, ಜೀವವೂ ಇತ್ತು. ಪಂಪಾಪತಿ ನನ್ನನ್ನು ಎತ್ತಿಕೊಂಡು ಹೋಗಿ ಬಚ್ಚಲ ಮೂಲೆಗೆ ಕೂರಿಸಿ, ಕುತ್ತಿಗೆ ತನಕ ಒದ್ದೆ ಗೋಣಿಚೀಲ ಬಿಗಿದ. ನಾನು ಎಷ್ಟೋ ದೊಡ್ಡ ಹೋಟೆಲಿನ ತಂಪು ಕೋಣೆಗಳಲ್ಲಿ ಮಲಗಿದ್ದೇನೆ. ಅಂಥ ನಿದ್ದೆ ಎಲ್ಲೂ ಬಂದಿಲ್ಲ. ಆದರೂ ಅಕ್ಕ ಬೈದಳು.

"ಮನಿಗೆ ಬಂದವರಿಗೆ ಮಣಿ ಹಾಕಿ ಕೂರಿಸಬೇಕು. ಊರ ಕಡೆ ಮಳಿ ಬೆಳಿ ಕೇಳಬೇಕು. ಅವರಾಗಿ ಸಾಕು ಅನ್ನೋ ತನಕ ಬಡಿಸಬೇಕು."

"ಆತು ಬಿಡವ್ವ."

ಮಾರನೆಯ ದಿನ ಕುಂಡಕ್ಕೆ ಮಣೆ ಹಾಕಿದ್ದ. "ಹೊಸಪೇಟಿ ಕಡೆ ಮಳಿ ಹೆಂಗೈತಿ?" ಅಂತ ವಿಚಾರಿಸಿ, ನೀರು ಹಾಕತೊಡಗಿದ. ಒಂದು ಚೆಂಬು, ಸಾಕಾ? ಮಾತಿಲ್ಲ. ಇನ್ನೊಂದು ಚೆಂಬು, ಸಾಕಾ? ಮಾತಿಲ್ಲ. ಮೂರು ದಿನ ಬಡಿಸಿದ. ನಾಲ್ಕನೆಯ ದಿನ ಐದು ಗರಿ ಕಂದಿ ಬಿದ್ದವು. ಉಳಿದದ್ದು ಎರಡೇ.

ಅಕ್ಕ ಈ ಸಲ ಬೈಯಲಿಲ್ಲ, ಹೊಸ್ತಿಲ ಮೇಲೆ ಕೂತುಬಿಟ್ಟಳು. "ಗಿಡ ಅಲ್ಲಲೇ ಅದು, ನಿನ್ನ ಸಂಸಾರ. ಎರಡೇ ಗರಿ ಉಳಿದಾವ."

ಅವನ ಕಣ್ಣೂ ತುಂಬಿತು. "ಅದು ಸಾಕು ಅನ್ನಲೇ ಇಲ್ಲವ್ವ."

"ಅದು ಅನ್ನಂಗಿಲ್ಲಪ್ಪ. ಸಾಕೋ ಬೇಕೋ ಬಾಯಿಬಿಟ್ಟು ಹೇಳದವರಿಗೆ ಬೆರಳಿಟ್ಟು ನೋಡಬೇಕು. ಒದ್ದೆ ಐತೇ, ಏನೂ ಕೊಡಬೇಡ. ಒಣಗೈತೇ, ಬುಡಕ್ಕೆ ಸುತ್ತಲೂ ನೀರು ಹಾಕು. ಅಲ್ಲಾಡಲಿಕ್ಕೆ ಬಿಡಬೇಡ, ಬೇರು ಕದಲ್ತದ."

ಅಲ್ಲಿಂದ ನೋಡಿ ನಮ್ಮ ಹುಡುಗನ ಪ್ರತಾಪ. ಬುದ್ಧಿವಂತನಾಗಿದ್ದರೆ ಎರಡು ದಿನಕ್ಕೆ ಬೇಸತ್ತು ಬಿಡುತ್ತಿದ್ದ. ಇವನು ದಿನಕ್ಕೆ ಹದಿನಾರು ಸಲ ಬೆರಳಿಟ್ಟು ನೋಡಿದ, ಒಂದು ದಿನವೂ ತಪ್ಪಲಿಲ್ಲ. ಸುರುಳಿ ಸುತ್ತಿದ ಎಳೆ ಕುಡಿಯೊಂದು ಮಣ್ಣಿನಿಂದ ಮೂಗು ತೂರಿಸಿತು, ಆಮೇಲೆ ಇನ್ನೊಂದು. ಕಾರಹುಣ್ಣಿಮೆಗೆ ಹತ್ತೊಂಬತ್ತು ಗರಿ! ನಾನೇ ಎಣಿಸಿದ್ದು. ನನ್ನ ಲೆಕ್ಕ ಹೆಚ್ಚಾಗಬಹುದು, ಕಡಿಮೆಯಂತೂ ಆಗುವುದಿಲ್ಲ.

ಹೊಸಪೇಟೆಗೆ ಹೋದೆವು. ನೀಲಾಂಬಿಕೆ ಗರಿಗಳನ್ನು ಒಂದೊಂದಾಗಿ ಸವರಿ ನೋಡಿದಳು. ತಾನು ಎಷ್ಟೋ ವರ್ಷದಿಂದ ಸಾಕಿದರೂ ಇಷ್ಟು ತುಂಬಿಕೊಂಡಿರಲಿಲ್ಲ ಅಂದಳು. ಅವಳಪ್ಪ ಸಕ್ಕರೆ ಬಟ್ಟಲು ತರಿಸಿದರು. ಮಾತು ಗಟ್ಟಿಯಾದರೆ ಬಾಯಿಗೆ ಸಕ್ಕರೆ ಹಾಕುವುದು ನಮ್ಮ ಕಡೆಯ ಪದ್ಧತಿ.

"ನೀನೇ ಶುರು ಮಾಡಪ್ಪ" ಅಂತ ಬಟ್ಟಲನ್ನು ಹುಡುಗನ ಕೈಗೆ ಕೊಟ್ಟು, ಆ ಹಿರಿಯರು ಬಾಯಿ ತೆರೆದು ಸುಮ್ಮನೆ ಕೂತರು.

ಪಂಪಾಪತಿ ಬೆರಳನ್ನು ಅವರ ಬಾಯೊಳಗಿಟ್ಟು, ಕಣ್ಣು ಮುಚ್ಚಿ ಪರೀಕ್ಷಿಸಿದ. "ಒದ್ದೆ ಐತಿ. ಇವರಿಗೆ ಇವತ್ತು ಏನೂ ಬೇಡ."

ಹಿರಿಯರು ಕೆಮ್ಮುತ್ತ ಎದ್ದು ನಿಂತರು. ಅಕ್ಕ ಸೆರಗಿನಿಂದ ಮುಖ ಮುಚ್ಚಿಕೊಂಡಳು. ಹದಿಮೂರನೆಯ ಮನೆ ಎಲ್ಲಿ ಹುಡುಕಲಿ ಅಂತ ನಾನು ಯೋಚಿಸತೊಡಗಿದೆ.

ನೀಲಾಂಬಿಕೆ ಮಾತ್ರ ಅವನನ್ನೇ ನೋಡುತ್ತಿದ್ದಳು. ಮುಂದೆ ಬಂದು, ಏನೂ ಹೇಳದೆ ಬಾಯಿ ತೆರೆದಳು. ಅವನು ಬೆರಳಿಟ್ಟ, ಗಾಬರಿಯಾದ.

"ಪೂರ್ತಿ ಒಣಗೈತಿ!"

ಸಕ್ಕರೆ ಬಟ್ಟಲು ಕೆಳಗಿಟ್ಟು, ಕುಡಿಯಲು ಇಟ್ಟಿದ್ದ ತಂಬಿಗೆ ಎತ್ತಿ, ಅವಳ ಪಾದದ ಸುತ್ತ ನಿಧಾನವಾಗಿ ನೀರು ಹೊಯ್ಯತೊಡಗಿದ. ನೀಲಾಂಬಿಕೆ ಸೀರೆಯ ಅಂಚು ಮೇಲೆತ್ತಿ ಹಿಡಿದು, "ಅಪ್ಪಾ, ದಿನ ಗೊತ್ತು ಮಾಡಿಸು" ಅಂತ ಮೈ ಕುಲುಕಿಸಿ ನಗುತ್ತಿದ್ದಳು.

ಪಂಪಾಪತಿ ತಲೆಯೆತ್ತದೆ ಹೇಳಿದ, "ಅಲ್ಲಾಡಬೇಡ, ಬೇರು ಕದಲ್ತದ."