ಹಿಂದಿನ ಸೀಟು

“ಗುರುಗಳೇ, ಕೆಳಗಿನ ಊರಿಗೆ ಹೋದ ಮೇಲೂ ನಾನು ಇಲ್ಲಿದ್ದ ನಾನಾಗಿಯೇ ಉಳಿಯುತ್ತೇನೆಯೇ?” ಎಂದು ಕೊಟ್ರಯ್ಯ ಕೇಳಿದ.

ಕೊಟ್ರಯ್ಯ ಗುಡ್ಡದ ಮೇಲಿನ ಮಠದಲ್ಲಿ ಬಹಳ ಕಾಲ ಒಬ್ಬನೇ ಸಾಧನೆ ಮಾಡಿದವನು. ಮಾತು ಕಡಿಮೆ, ಊಟ ಕಡಿಮೆ, ನಿದ್ದೆ ಇನ್ನೂ ಕಡಿಮೆ. ಊರಿನಲ್ಲಿ ಮಠದವರು ನಡೆಸುವ ಮಕ್ಕಳ ವಸತಿನಿಲಯವನ್ನು ನೋಡಿಕೊಳ್ಳಲು ಈಗ ಅವನನ್ನು ಕಳಿಸುವುದೆಂದು ತೀರ್ಮಾನವಾಗಿತ್ತು. ಅವನು ಒಲ್ಲೆ ಎನ್ನಲಿಲ್ಲ. ಅಲ್ಲಿ ಹೇಗೆ ಮಾತಾಡಬೇಕು, ಹೇಗೆ ನಡೆದುಕೊಳ್ಳಬೇಕು ಎಂಬುದನ್ನೆಲ್ಲ ಯೋಚಿಸಿ ಇಟ್ಟುಕೊಂಡಿದ್ದ. ಈ ಒಂದು ಪ್ರಶ್ನೆ ಮಾತ್ರ ಅವನನ್ನು ಬಿಟ್ಟಿರಲಿಲ್ಲ.

ಗುರುಗಳು “ಕೂಡು” ಎಂದರು. ಅವನು ಕುಳಿತ ಮೇಲೆ ಈ ಕತೆ ಹೇಳಿದರು.

ಒಬ್ಬ ಬೈಕ್ ಸವಾರನಿದ್ದ. ಕೆಲಸ ನಿಂತುಹೋದ ಕಲ್ಲುಗಣಿಗಳಲ್ಲಿ ಮಣ್ಣಿನ ದಿಬ್ಬ ಕಟ್ಟಿ ಮೋಟರ್‌ಸೈಕಲ್ ಪಂದ್ಯ ನಡೆಸುತ್ತಾರಲ್ಲ, ಅದರಲ್ಲಿ ಅವನು ಹೆಸರು ಮಾಡಿದ್ದ. ಅವನದು ಟೂ ಸ್ಟ್ರೋಕ್ ಗಾಡಿ. ಓಡುವುದಕ್ಕೆ ಬೇಡದ ಒಂದು ಮೊಳೆಯೂ ಅದರಲ್ಲಿರಲಿಲ್ಲ. ದೀಪವಿಲ್ಲ, ಹಾರ್ನ್ ಇಲ್ಲ, ಕನ್ನಡಿಯಿಲ್ಲ. ಸೀಟು ಒಬ್ಬನಿಗೇ ಸಾಲದಷ್ಟು ಚಿಕ್ಕದು. ಅದರ ಇಂಜಿನ್ನಿಗೆ ನಡಿಗೆ ಎಂಬುದು ಗೊತ್ತಿರಲಿಲ್ಲ. ನಿಧಾನ ಮಾಡಿದರೆ ಕೆಮ್ಮಿ ನಿಲ್ಲುತ್ತಿತ್ತು, ಆಕ್ಸಿಲರೇಟರ್ ತಿರುವಿದರೆ ಒಮ್ಮೆಲೇ ಹಾರುತ್ತಿತ್ತು. ನಡುವೆ ಏನೂ ಇರಲಿಲ್ಲ. ಆ ಗುಣದಿಂದಲೇ ಅವನು ಗೆದ್ದಿದ್ದ.

ಅವನ ಹೆಂಡತಿ ಊರಿನ ಇನ್ನೊಂದು ತುದಿಯಲ್ಲಿ ಜೀನ್ಸ್ ಹೊಲಿಯುವ ಕಾರ್ಖಾನೆಗೆ ಹೋಗುತ್ತಿದ್ದಳು. ಮದುವೆಯಾದ ಹೊಸದರಲ್ಲಿ ಒಂದು ಪಂದ್ಯ ನೋಡಲು ಬಂದಿದ್ದಳು. ಗಂಡ ಗಾಳಿಯಲ್ಲಿ ತೇಲಿದ್ದನ್ನು ಕಂಡು ಕಣ್ಣು ಮುಚ್ಚಿಕೊಂಡವಳು, ಎಲ್ಲರೂ ಚಪ್ಪಾಳೆ ತಟ್ಟಿದ ಮೇಲೆ ತೆರೆದಳು. ಮತ್ತೆ ಬರಲಿಲ್ಲ. ಬೆಳಿಗ್ಗೆ ಬಸ್ಸು, ಸಂಜೆ ಬಸ್ಸು, ಅಷ್ಟೇ ಅವಳ ಓಡಾಟ.

ಒಂದು ಪಂದ್ಯದಲ್ಲಿ ಸವಾರ ಬಿದ್ದು ಮೊಣಕಾಲು ಮುರಿಯಿತು. ಕಾಲು ಕೂಡಿತು. ಆದರೆ ಇನ್ನು ದಿಬ್ಬ ಹಾರುವಂತಿಲ್ಲ ಎಂದರು ಡಾಕ್ಟರು. ಗಾಡಿಯನ್ನು ಮನೆಯ ಮುಂದೆ ನಿಲ್ಲಿಸಿ ತಾಡಪಾಲು ಹೊದಿಸಿದ. ದಿನಾ ಅದನ್ನು ನೋಡುತ್ತ ಕೂರುತ್ತಿದ್ದ. ಕೊನೆಗೆ ಒಂದು ದಿನ ಹೆಂಡತಿಗೆ ಹೇಳಿದ:

“ಇದನ್ನ ರಸ್ತೆಗೆ ತರ್ತೀನಿ. ಇನ್ನು ಮೇಲೆ ನಿನ್ನ ಕೆಲಸಕ್ಕೆ ನಾನೇ ಬಿಡ್ತೀನಿ.”

“ಅದರ ಮ್ಯಾಲೆ ನಾನೆಲ್ಲಿ ಕೂತ್ಕೊಳ್ಳಲಿ?” ಎಂದಳು ಅವಳು.

ಅವನಿಗೊಬ್ಬ ಮೆಕ್ಯಾನಿಕ್ ಗೆಳೆಯನಿದ್ದ. ಪಂದ್ಯದ ದಿನಗಳಲ್ಲಿ ಗಾಡಿಯನ್ನು ಹಗುರ ಮಾಡಿಕೊಟ್ಟವನು ಅವನೇ. ಈಗ ಅದೇ ಕೈಯಿಂದ ಭಾರ ಹಾಕತೊಡಗಿದ. ಅಂಗಡಿಯಲ್ಲಿ ಸಿಗುವ ಯಾವ ಭಾಗವೂ ಆ ಗಾಡಿಗೆ ಕೂರುತ್ತಿರಲಿಲ್ಲ, ಎಲ್ಲವನ್ನೂ ಕೈಯಾರೆ ಮಾಡಬೇಕಾಯಿತು. ದೀಪಕ್ಕೆ ಕರೆಂಟು ಸಾಲದೆಂದು ತಂತಿಯ ಸುರುಳಿಯನ್ನು ಬಿಚ್ಚಿ ಹೊಸದಾಗಿ ಸುತ್ತಿದ. ಹಳೆಯ ಸ್ಕೂಟರಿನದೊಂದು ದೀಪ, ತಗಡು ಬಗ್ಗಿಸಿ ಅದಕ್ಕೊಂದು ಹಿಡಿ. ಮಣ್ಣು ಕಚ್ಚುವ ಗುಬಟಿನ ಟಯರು ತೆಗೆದು ರಸ್ತೆಯ ಟಯರು ಹಾಕಿದ. ಸದ್ದು ಅಡಗಿಸಲು ಸೈಲೆನ್ಸರಿಗೆ ಇನ್ನೊಂದು ಕೊಳವೆ ಸೇರಿಸಿದ. ಹಿಂದಿನ ಚೌಕಟ್ಟಿಗೆ ಕಬ್ಬಿಣ ಬೆಸೆದು ಉದ್ದ ಮಾಡಿ, ಸೀಟು ಕೂರಿಸಿ, ಕಾಲಿಡಲು ಜಾಗ ಮಾಡಿ, ಹಿಡಿದುಕೊಳ್ಳಲು ಒಂದು ಕಂಬಿ ಕೊಟ್ಟ. ಹಾರ್ನ್ ಬಂತು. ಕನ್ನಡಿ ಬಂತು. ಒಂದೊಂದು ಸೇರಿದಾಗಲೂ ಸವಾರ ಅದನ್ನು ಕೈಯಲ್ಲಿ ತೂಗಿ ನೋಡುತ್ತಿದ್ದ, ಮುಖ ಸಪ್ಪಗೆ ಮಾಡುತ್ತಿದ್ದ. ಆದರೂ ಬೇಡವೆನ್ನಲಿಲ್ಲ.

“ಇಂಜಿನ್?” ಎಂದು ಮೆಕ್ಯಾನಿಕ್ ಕೇಳಿದ.

“ಹೊರಗೆ ಏನು ಬೇಕಾದ್ರೂ ಮಾಡು. ಅದಕ್ಕೆ ಮಾತ್ರ ಕೈ ಹಚ್ಚಬ್ಯಾಡ.”

ಮೆಕ್ಯಾನಿಕ್ ಹಚ್ಚಲಿಲ್ಲ. ಸಾರಿಗೆ ಕಚೇರಿಯವರು ಗಾಡಿಯನ್ನು ಸುತ್ತ ನೋಡಿದರು, ಇರಬೇಕಾದದ್ದೆಲ್ಲ ಇತ್ತು, ನಂಬರು ಕೊಟ್ಟರು.

ಮಾರನೆಯ ಬೆಳಿಗ್ಗೆ ಹೆಂಡತಿ ಬುತ್ತಿ ಡಬ್ಬಿ ಹಿಡಿದು ಹಿಂದೆ ಕೂತಳು. ಬೀದಿಯಲ್ಲಿ ಜನವಿತ್ತು. ನಿಧಾನ ಹೋಗಬೇಕಾದಲ್ಲೆಲ್ಲ ಗಾಡಿ ಕೆಮ್ಮಿ ನಿಂತಿತು. ಮತ್ತೆ ಒದ್ದು ಹೊರಡಿಸಿದ. ನಿಲ್ಲಬಾರದೆಂದು ಆಕ್ಸಿಲರೇಟರ್ ತಿರುವಿದರೆ ಎಗರಿತು. ಅವಳು ಅವನ ಅಂಗಿ ಹಿಡಿದಳು, ಬಿಟ್ಟಳು, ಮತ್ತೆ ಹಿಡಿದಳು.

ಸೇತುವೆ ದಾಟಿದ ಮೇಲೆ ಒಂದು ತರಕಾರಿ ಗಾಡಿಯನ್ನು ಹಿಂದೆ ಹಾಕಬೇಕಿತ್ತು. ಆಕ್ಸಿಲರೇಟರ್ ಸ್ವಲ್ಪವೇ ತಿರುವಿದ. ಮುಂದಿನ ಚಕ್ರ ನೆಲ ಬಿಟ್ಟಿತು. ಗಾಡಿ ಹಾರಿತು. ಹೆಂಡತಿ ಹಿಂದಕ್ಕೆ ಜಾರಿ ರಸ್ತೆಗೆ ಬಿದ್ದಳು.

ಅವಳು ಬಿದ್ದದ್ದು ಅವನಿಗೆ ತಿಳಿಯಲಿಲ್ಲ. ಅವನಿಗೆ ತಿಳಿದದ್ದು ಇಷ್ಟೇ: ಗಾಡಿ ತಟ್ಟನೆ ಹಗುರವಾಯಿತು. ಇಂಜಿನ್ನಿನ ದನಿ ತಿಳಿಯಾಯಿತು. ಇಷ್ಟು ದಿನಗಳ ಮೇಲೆ ಅದು ಮೊದಲಿನಂತೆ ಓಡುತ್ತಿದೆ ಅನಿಸಿತು. ಅವನ ಎದೆ ತುಂಬಿ ಬಂತು. ಹಾಗೆಯೇ ಒಂದಿಷ್ಟು ದೂರ ಹೋದ. ಆಮೇಲೆ ಕನ್ನಡಿಯ ಕಡೆ ಕಣ್ಣು ಹೋಯಿತು. ರಸ್ತೆಯ ನಡುವೆ ಅವಳು ಕೂತಿದ್ದಳು. ಜನ ಸೇರುತ್ತಿದ್ದರು.

ಅವನು ತಿರುಗಿ ಬರುವಷ್ಟರಲ್ಲಿ ಅವಳು ಎದ್ದು ಚೆಲ್ಲಿದ ಬುತ್ತಿಯ ನಡುವೆ ಡಬ್ಬಿಯ ಮುಚ್ಚಳ ಹುಡುಕುತ್ತಿದ್ದಳು. ಎರಡೂ ಅಂಗೈ ತರಚಿ ರಕ್ತ ಬರುತ್ತಿತ್ತು. ತಲೆಗೆ ಪೆಟ್ಟಾಗಿರಲಿಲ್ಲ. ಅವನು ಏನೋ ಹೇಳಲು ಹೋದ.

“ಇರಲಿ ಬಿಡು,” ಎಂದಳು. “ನೀನು ಮನಿಗೆ ಹೋಗು. ನಾನು ಬಸ್ಸಿಗೆ ಹೋಗ್ತೀನಿ.”

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಅವನಿಗೆ ಎಷ್ಟೋ ಸುಲಭವಾಗುತ್ತಿತ್ತು. ಅವಳು ಡಬ್ಬಿಯ ಮುಚ್ಚಳ ಹಾಕಿ, ಸೆರಗಿಗೆ ಕೈ ಒರೆಸಿಕೊಂಡು ನಡೆದು ಹೋದಳು.

ಸವಾರ ಆ ದಿನ ಊಟ ಮಾಡಲಿಲ್ಲ. ಅವಳು ಬಿದ್ದಳಲ್ಲ ಎಂಬ ಸಂಕಟವಿತ್ತು, ನಿಜ. ಯಾರ ಮುಂದೂ ಆಡಲಾಗದಂಥದು ಇನ್ನೊಂದಿತ್ತು. ಅವಳು ರಸ್ತೆಯಲ್ಲಿ ಬಿದ್ದಿದ್ದ ಆ ಹೊತ್ತಿನಲ್ಲಿ ಅವನಿಗೆ ಸಂತೋಷವಾಗಿತ್ತು. ಗಾಡಿಯದು ತಪ್ಪೆಂದುಕೊಂಡು ನೋಡಿದ. ಗಾಡಿ ತನಗೆ ಗೊತ್ತಿದ್ದುದನ್ನೇ ಮಾಡಿತ್ತು.

ಮರುದಿನ ಗಾಡಿಯನ್ನು ತಳ್ಳಿಕೊಂಡೇ ಮೆಕ್ಯಾನಿಕನ ಬಳಿಗೆ ಹೋದ.

“ಇಂಜಿನ್ ಬಿಚ್ಚು. ಒಳಗಿನ ಚಕ್ರಕ್ಕೆ ಭಾರ ಹಾಕು,” ಎಂದ.

ಇಂಜಿನ್ನಿನೊಳಗೆ ಸದಾ ತಿರುಗುವ ಒಂದು ಚಕ್ರವಿರುತ್ತದೆ. ಅದು ಹಗುರವಾಗಿದ್ದರೆ ಇಂಜಿನ್ನು ತಟ್ಟನೆ ಏರುತ್ತದೆ, ತಟ್ಟನೆ ನಿಲ್ಲುತ್ತದೆ. ಭಾರವಾಗಿದ್ದರೆ ನಿಧಾನವಾಗಿ ಏರುತ್ತದೆ, ಆದರೆ ಸುಮ್ಮನೆ ನಿಲ್ಲುವುದಿಲ್ಲ. ಇದು ಇಬ್ಬರಿಗೂ ಮೊದಲಿನಿಂದ ಗೊತ್ತಿತ್ತು. ಮೆಕ್ಯಾನಿಕ್ ಸ್ಪ್ಯಾನರ್ ಎತ್ತಿಕೊಂಡ.

“ಆಮೇಲೆ ಅದು ಜಿಗಿಯಂಗಿಲ್ಲ. ನೀನು ಬಂದು ನನ್ನ ಬೈಯಬಾರದು ನೋಡು.”

“ಬೈಯಂಗಿಲ್ಲ.”

ಮೆಕ್ಯಾನಿಕ್ ಲೇತಿನಲ್ಲಿ ಉಕ್ಕಿನ ಒಂದು ಬಳೆ ಕಡೆದ. ಸವಾರ ಪಕ್ಕದಲ್ಲೇ ನಿಂತಿದ್ದ. ಬಳೆಯನ್ನು ಚಕ್ರಕ್ಕೆ ಕೂರಿಸಿ, ಸಮತೂಕ ನೋಡಿ, ಇಂಜಿನ್ನು ಮುಚ್ಚಿದರು. ಒದ್ದಾಗ ಗಾಡಿ ಬೇರೆಯೇ ದನಿಯಲ್ಲಿ ಮಾತಾಡಿತು. ಮೊದಲಿನ ಕೀರಲು ಹೋಗಿತ್ತು. ಸವಾರ ಅದನ್ನು ಕೇಳಿಸಿಕೊಂಡು, ಗಾಡಿಯನ್ನು ಮನೆಗೆ ತಂದ.

ಹೆಂಡತಿ ಗಾಡಿಯ ಕಡೆ ತಿರುಗಿಯೂ ನೋಡಲಿಲ್ಲ. ಬಸ್ಸಿಗೇ ಹೋದಳು. ಅವನು ಕರೆಯಲಿಲ್ಲ. ಅವಳು ಹೋದ ಮೇಲೆ ಹಿಂದಿನ ಸೀಟಿಗೆ ನೀರು ತುಂಬಿದ ಕ್ಯಾನು ಕಟ್ಟಿ, ಮುಚ್ಚಳ ತೆಗೆದು, ಸಂತೆ ಬೀದಿಯಲ್ಲಿ ಓಡಿಸುತ್ತಿದ್ದ. ನೀರು ಚೆಲ್ಲಿದರೆ ಬೆನ್ನು ತೋಯುತ್ತಿತ್ತು. ಮೊದಮೊದಲು ಪೂರ್ತಿ ತೋಯ್ದು ಬರುತ್ತಿದ್ದ. ದಿಬ್ಬ ಹಾರುತ್ತಿದ್ದವನು ಎತ್ತಿನ ಗಾಡಿಯ ಹಿಂದೆ ಎತ್ತಿನ ಗಾಡಿಯಷ್ಟೇ ಮೆಲ್ಲಗೆ ಹೋಗುವುದನ್ನು ಕಂಡು ಜನ ನಕ್ಕರು. ಅವನಿಗೆ ನಾಚಿಕೆಯಾಗುತ್ತಿತ್ತು. ಮೊಣಕೈ ಮಡಚುವುದು, ಮುಂದಕ್ಕೆ ಬಾಗುವುದು, ಜಾಗ ಕಂಡಲ್ಲಿ ನುಗ್ಗುವುದು, ಎಲ್ಲವೂ ಮೈಗೆ ಹತ್ತಿದ್ದವು. ಇಂಜಿನ್ನಿಗೆ ಒಂದು ದಿನ ಸಾಕಾಗಿತ್ತು, ಅವನ ಮೈಗೆ ಸಾಕಾಗಲಿಲ್ಲ. ಬರಬರುತ್ತಾ ಅಂಗಿ ಒಣಗಿಯೇ ಇರತೊಡಗಿತು.

ಒಂದು ಬೆಳಿಗ್ಗೆ ಬಸ್ಸು ಬರಲಿಲ್ಲ. ನಿಲ್ದಾಣದಿಂದ ಹೆಂಡತಿ ತಿರುಗಿ ಬಂದಳು. ಅವನು ಗಾಡಿ ಒರೆಸುತ್ತಿದ್ದ. ಅವಳು ಗಾಡಿಯ ಪಕ್ಕ ಬಂದು ನಿಂತಳು. ಅವನು ಕ್ಯಾನನ್ನು ಬಿಚ್ಚಿ ಕೆಳಗಿಟ್ಟ. ಅವಳು ಕೂತಳು. ಅವನ ಅಂಗಿ ಹಿಡಿಯಲಿಲ್ಲ, ಎರಡೂ ಕೈಯಿಂದ ಕಂಬಿ ಹಿಡಿದಳು.

ಹೊರಟರು. ಬೀದಿಯಲ್ಲಿ ಗಾಡಿ ಕೆಮ್ಮಲಿಲ್ಲ. ಸೇತುವೆಯ ಮೇಲೆ ಎಗರಲಿಲ್ಲ. ದೊಡ್ಡ ರಸ್ತೆಯ ಸಿಗ್ನಲ್ಲಿನಲ್ಲಿ ಹಳೆಯ ಪಂದ್ಯದ ಎದುರಾಳಿಯೊಬ್ಬ ಪಕ್ಕದಲ್ಲಿ ಬಂದು ನಿಂತ. ಗಾಡಿಯನ್ನು ಮೇಲಿಂದ ಕೆಳಗೆ ನೋಡಿದ.

“ಅಣ್ಣಾ, ಇದು ಆ ಗಾಡೀನಾ? ಹುಲಿಯಂಥದನ್ನ ಎಮ್ಮಿ ಮಾಡಿಬಿಟ್ಟಿಯಲ್ಲೋ!” ಎಂದ. ಹಸಿರು ಬೀಳುತ್ತಲೇ ಅವನು ನುಗ್ಗಿ ಮುಂದೆ ಹೋದ.

ಸವಾರನ ಮಣಿಕಟ್ಟು ಬಿಗಿಯಿತು. ಇಂದೂ ಅವನನ್ನು ಹಿಡಿಯುವುದು ಹೇಗೆಂದು ಆ ಕೈಗೆ ಗೊತ್ತಿತ್ತು. ಅದೇ ಹೊತ್ತಿಗೆ ಹಿಂದೆ ಹೆಂಡತಿ ಏನೋ ಹೇಳತೊಡಗಿದಳು. ಕಾರ್ಖಾನೆಯಲ್ಲಿ ಗುಂಡಿ ಹಚ್ಚುವವಳಿಗೂ ಜಿಪ್ಪು ಹಚ್ಚುವವಳಿಗೂ ಜಗಳವಾಗಿತ್ತಂತೆ. ಕೇಳಿಸಲಿಲ್ಲವೆಂದು ಅವನು ಗಾಡಿಯನ್ನು ಇನ್ನಷ್ಟು ನಿಧಾನ ಮಾಡಿದ. ಅವಳು ಮೊದಲಿನಿಂದ ಹೇಳಿದಳು. ಕಾರ್ಖಾನೆಯ ಬಾಗಿಲು ಬರುವವರೆಗೂ ಹೇಳಿದಳು. ಇಳಿದು, “ಸಂಜಿಗೆ ಬಾ,” ಎಂದು ಒಳಗೆ ಹೋದಳು.

ಗುರುಗಳು ಅಲ್ಲಿಗೆ ನಿಲ್ಲಿಸಿದರು.

ಕೊಟ್ರಯ್ಯ ಕಾದ. ಕತೆ ಮುಂದೆ ಹೋಗಲಿಲ್ಲ. ತನ್ನ ಪ್ರಶ್ನೆಗೆ ಉತ್ತರ ಬರಲಿಲ್ಲವೆಂದು ಅವನಿಗೆ ಅನಿಸಿತು.

“ಗುರುಗಳೇ, ಎಲ್ಲ ಬದಲಾದ ಮೇಲೆ ಆ ಗಾಡಿ ಅದೇ ಗಾಡಿಯಾಗಿ ಉಳಿಯಿತೇ, ಇಲ್ಲವೇ?” ಎಂದು ಕೇಳಿದ.

ಗುರುಗಳು ಹೇಳಿದರು: “ಅದನ್ನು ಹಿಂದೆ ಕೂತವಳನ್ನು ಕೇಳಬೇಕು.”