ಬಿಟ್ಟುಕೊಟ್ಟ ಸುತ್ತು

ಚಿಕ್ಕರಂಗಯ್ಯ ಮೇಷ್ಟರು ಮನೆಯಲ್ಲೇ ಕಟ್ಟಿದ ಟೆಸ್ಲಾ ಕಾಯಿಲ್ ಎಂಬ ಮಿಂಚು ಹಾರಿಸುವ ಯಂತ್ರದಿಂದ ಮಿಂಚು ಚಿಮ್ಮಲೇ ಇಲ್ಲ. ಉದ್ದನೆಯ ಪೈಪಿಗೆ ಸುತ್ತಿದ್ದ ಸಣ್ಣ ತಂತಿ ತಂಗಿ, ಬುಡದಲ್ಲಿ ಸುರುಳಿಯಾಗಿದ್ದ ದಪ್ಪ ತಂತಿ ಅಕ್ಕ.

"ಅಕ್ಕಾ, ನೀನು ನನ್ನ ತಾಳಕ್ಕೆ ಬರುತ್ತಿಲ್ಲ," ಎಂದು ತಂಗಿ ಸಿಡುಕಿದಳು.

"ನೀನೇ ನನ್ನ ತಾಳಕ್ಕೆ ಬರಬಾರದೇ?"

"ನನ್ನ ಮೈಗೆ ವಾರ್ನಿಶ್ ಬಳಿದಾಗಿದೆ. ಇನ್ನು ಕದಲಲಾರೆ."

"ಮೊಂಡಿ! ಹೋಗಲಿ, ನಾನೇ ಒಂದು ಸುತ್ತು ಬಿಟ್ಟುಕೊಡುತ್ತೇನೆ."

ಮೇಷ್ಟರು ಕರೆಂಟ್ ತೆಗೆದು, ಕರೆಂಟ್ ಹರಿಸಲು ಅಕ್ಕನಿಗೆ ಕಚ್ಚಿಸಿದ್ದ ಕ್ಲಿಪ್ಪನ್ನು ಒಂದು ಸುತ್ತು ಒಳಕ್ಕೆ ಸರಿಸಿ, ಮತ್ತೆ ಸ್ವಿಚ್ ಒತ್ತಿದರು. ಇಬ್ಬರ ತಾಳವೂ ಕೂಡಿ, ತಂಗಿಯ ನೆತ್ತಿಯಿಂದ ನೇರಳೆ ಮಿಂಚು ಚಟಚಟನೆ ಹಾರಿತು. ಮೇಷ್ಟರು ಕುಣಿದೇಬಿಟ್ಟರು.

"ನೋಡಿದೆಯಾ ಅಕ್ಕಾ, ನನ್ನ ಮಿಂಚು!"

"ನೋಡಿದೆ ಕಣೇ," ಎಂದಳು, ಬುಡದಲ್ಲಿ ಬಿಸಿಯಾಗಿ ಕೂತಿದ್ದ ಅಕ್ಕ. "ನಿನ್ನದೇ. ದೃಷ್ಟಿ ತಾಗದಿರಲಿ."